ಹಳೆಯ ಕಟ್ಟಡದ ದುರಸ್ತಿಗೆ ಟೆಂಡರ್ ಕರೆಯುವ ಮುನ್ನ

ಎರಡು ವರ್ಷಗಳ ಹಿಂದೆ ದುರಸ್ತಿಯಾಗಿದ್ದ ಒಂದು ಹಳೆಯ ಸರ್ಕಾರಿ ಶಾಲೆಯ ಗೋಡೆಯನ್ನು ಮಳೆಗಾಲ ಮುಗಿದ ಮೇಲೆ ಬೆರಳಿನಿಂದ ತಟ್ಟಿ ನೋಡಿದ್ದೆ. ಟೊಳ್ಳು ಸದ್ದು ಬಂತು. ಬಿರುಕಿಗೆ ಉಗುರು ಸಿಕ್ಕಿಸಿ ಎಳೆದರೆ ಊಟದ ತಟ್ಟೆಯಷ್ಟಗಲದ ಸಿಮೆಂಟ್ ಪ್ಲಾಸ್ಟರ್ ಕೈಗೇ ಬಂತು. ಅದರ ಹಿಂದಿದ್ದ ಇಟ್ಟಿಗೆ ಒದ್ದೆಯಾಗಿತ್ತು, ಮುಟ್ಟಿದರೆ ಕೆಂಪು ಪುಡಿಯಾಗಿ ಉದುರುತ್ತಿತ್ತು. ನೂರು ವರ್ಷ ಸುಣ್ಣದ ಗಾರೆಯ ಮೂಲಕ ಉಸಿರಾಡಿದ ಗೋಡೆಗೆ ಸಿಮೆಂಟ್ ಬಳಿದದ್ದರಿಂದ ತೇವಕ್ಕೆ ಹೊರಹೋಗುವ ದಾರಿಯೇ ಇಲ್ಲದಂತಾಗಿತ್ತು.

ನನ್ನನ್ನು ಇಂದಿಗೂ ಕಾಡುವುದು ಕಡತದಲ್ಲಿದ್ದ ಸಂಗತಿ. ಎಲ್ಲವೂ ಸರಿಯಾಗಿತ್ತು. ಅತಿ ಕಡಿಮೆ ದರ ಕೂಗಿದವರಿಗೇ ಕೆಲಸ ಸಿಕ್ಕಿತ್ತು, ಗಡುವಿನೊಳಗೆ ಮುಗಿದಿತ್ತು. ಅಂದಾಜುಪಟ್ಟಿಯಲ್ಲಿ ಸಿಮೆಂಟ್ ಎಂದು ಬರೆದಿತ್ತು, ಗುತ್ತಿಗೆದಾರ ಸಿಮೆಂಟನ್ನೇ ಬಳಸಿದ್ದ. ಪಾರಂಪರಿಕ ಕಟ್ಟಡದ ವಿಷಯದಲ್ಲಿ ಅನ್ಯಾಯ ಲಂಚದ ರೂಪದಲ್ಲೇ ಬರಬೇಕೆಂದಿಲ್ಲ. ಟೆಂಡರ್ ಪೆಟ್ಟಿಗೆ ತೆರೆಯುವ ಎಷ್ಟೋ ದಿನ ಮೊದಲೇ, ಯಾರೋ ಕಟ್ಟಡವನ್ನು ಸರಿಯಾಗಿ ನೋಡದೆ ಬರೆದ ಒಂದು ಸಾಲಿನಲ್ಲಿ ಅದು ಕುಳಿತಿರುತ್ತದೆ.

ಇದರ ಬೆಲೆ ಎಷ್ಟೆಂದು ಮೈಸೂರಿನವರಿಗೆ ಗೊತ್ತು. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಕುಸಿಯಿತು, ಅದೂ ದುರಸ್ತಿ ಕೆಲಸ ನಡೆಯುತ್ತಿದ್ದಾಗ. ನಿಮ್ಮೂರಿನ ಹಳೆಯ ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿ ಅಥವಾ ಪುರಭವನದ ದುರಸ್ತಿಗೆ ಹಣ ಮಂಜೂರಾಗಿದ್ದರೆ, ನೀವು ಪುರಸಭೆಯ ಸದಸ್ಯರಾಗಲಿ, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಯವರಾಗಲಿ, ಹಳೆಯ ವಿದ್ಯಾರ್ಥಿಯಾಗಲಿ, ಈ ಕ್ರಮದಲ್ಲಿ ಮುಂದುವರಿಯಿರಿ.

ಮೊದಲು ಆಸರೆ, ಆಮೇಲೆ ಟೆಂಡರ್

ಬೀಳುವ ಭಯವಿರುವ ಭಾಗಕ್ಕೆ ಕೂಡಲೇ ಆಸರೆ ಕೊಡಿಸಿ, ತಾರಸಿಗೆ ಹೊದಿಕೆ ಹಾಕಿಸಿ, ಜನ ಓಡಾಡದಂತೆ ಬೇಲಿ ಕಟ್ಟಿಸಿ. ತುರ್ತು ಕೆಲಸವೆಂದರೆ ಇಷ್ಟೇ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ 4(ಜಿ) ಸೆಕ್ಷನ್‌ನಡಿ ವಿನಾಯಿತಿ ಪಡೆದು ಟೆಂಡರ್ ಇಲ್ಲದೆಯೇ ಇಡೀ ಕೆಲಸವನ್ನು ಒಬ್ಬರಿಗೆ ವಹಿಸೋಣ ಎಂಬ ಮಾತು ‘ತುರ್ತು’ ಎಂಬ ಹೆಸರಿನಲ್ಲೇ ಬರುತ್ತದೆ. ನೂರು ವರ್ಷ ನಿಂತ ಕಟ್ಟಡ ಆಸರೆಯ ಮೇಲೆ ಇನ್ನು ಆರು ತಿಂಗಳು ನಿಲ್ಲಬಲ್ಲದೇ ಎಂದು ರಚನಾ ಎಂಜಿನಿಯರ್ ಒಬ್ಬರಿಂದ ಬರವಣಿಗೆಯಲ್ಲಿ ಉತ್ತರ ಕೇಳಿ.

ಇದೇ ಹೊತ್ತಿನಲ್ಲಿ ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದೆಯೇ ಎಂದು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅದರೊಳಗಿದ್ದರೆ ದುರಸ್ತಿಗೂ ಅನುಮತಿ ಬೇಕು.

ಕಟ್ಟಡವನ್ನು ಓದಿಸಿ

ಈ ಹಂತಕ್ಕೆ ಹಣ ಕೊಡಲು ಎಲ್ಲರೂ ಹಿಂಜರಿಯುತ್ತಾರೆ. ಬೇರೆಲ್ಲಿ ಕಡಿಮೆ ಮಾಡಿದರೂ ಇಲ್ಲಿ ಮಾಡಬೇಡಿ.

ಸಂರಕ್ಷಣಾ ವಾಸ್ತುಶಿಲ್ಪಿಯೊಬ್ಬರು ಪ್ರತಿ ಕೋಣೆಯ ನಕ್ಷೆ, ಚಿತ್ರ, ಬಿರುಕುಗಳ ಅಳತೆ ತೆಗೆಯಲಿ. ಹಳೆಯ ಗಾರೆಯನ್ನು ಪರೀಕ್ಷಿಸಲಿ. ಪರೀಕ್ಷೆ ಕಷ್ಟದ್ದೇನಲ್ಲ. ಗೋಡೆಯ ಒಳಭಾಗದಿಂದ ತೆಗೆದ ಗಾರೆಯ ತುಂಡನ್ನು ಒಣಗಿಸಿ, ತೂಗಿ, ಪುಡಿ ಮಾಡಿ, ಪ್ರಯೋಗಾಲಯದಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕುತ್ತಾರೆ. ಸುಣ್ಣ ನೊರೆಯುಕ್ಕಿ ಕರಗಿಹೋಗುತ್ತದೆ. ಉಳಿದದ್ದನ್ನು ತೊಳೆದು ತೂಗಿದರೆ ಮರಳು ಎಷ್ಟು, ಇಟ್ಟಿಗೆ ಪುಡಿ ಎಷ್ಟು, ಮರಳಿನ ಕಣ ಎಷ್ಟು ದಪ್ಪ ಎಂಬುದೆಲ್ಲ ತಿಳಿಯುತ್ತದೆ. ಕಪ್ಪೆಚಿಪ್ಪಿನ ಚೂರು ಬೆರೆತ ಗಾರೆಯಾದರೆ ಅದೂ ಕರಗುವುದರಿಂದ ಲೆಕ್ಕ ತಪ್ಪುತ್ತದೆ, ಕರಾವಳಿಯವರು ಇದನ್ನು ನೆನಪಿಡಬೇಕು. ಈ ಅನುಪಾತವೇ ಟೆಂಡರ್‌ನಲ್ಲಿ ಬರೆಯಬೇಕಾದ ಗಾರೆ.

ಮದ್ರಾಸ್ ತಾರಸಿಯಿದ್ದರೆ ಒಂದೆರಡು ಕಡೆ ತೆರೆದು ನೋಡಲೇಬೇಕು. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟು ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರು ಚಿಮುಕಿಸುತ್ತಾ ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು ಗಟ್ಟಿ ಮಾಡಿದ ತಾರಸಿ ಅದು. ಮೇಲಿನಿಂದ ಚೆನ್ನಾಗಿಯೇ ಕಾಣುತ್ತದೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿಯನ್ನು ಗೆದ್ದಲು ತಿಂದಿದೆಯೇ ಎಂಬುದು ಮಾತ್ರ ಬಿಡಿಸಿ ನೋಡದೆ ತಿಳಿಯುವುದಿಲ್ಲ.

ಸಲಹೆಗಾರರ ಶುಲ್ಕವನ್ನು ಯೋಜನಾ ವೆಚ್ಚದ ಶೇಕಡಾವಾರು ಎಂದು ಗೊತ್ತು ಮಾಡಬೇಡಿ. ವೆಚ್ಚ ಏರಿದಷ್ಟೂ ಶುಲ್ಕ ಏರುವುದಾದರೆ ‘ಈ ಗೋಡೆಯನ್ನು ಮುಟ್ಟುವುದೇ ಬೇಡ’ ಎಂದು ಹೇಳುವ ಧೈರ್ಯ ಯಾರಿಗೆ ಬರುತ್ತದೆ? ಇಡಿಗಂಟು ಕೊಡಿ. ಅಂದಾಜುಪಟ್ಟಿ ಬರೆದವರು, ಅವರ ಪಾಲುದಾರರು, ಬಂಧುಗಳು ಟೆಂಡರ್ ಹಾಕುವಂತಿಲ್ಲ ಎಂದು ಆರಂಭದಲ್ಲೇ ಬರೆದಿಡಿ. ಟೆಂಡರ್ ಪರಿಶೀಲಿಸುವ ಪ್ರತಿಯೊಬ್ಬರೂ ಟೆಂಡರ್ ಹಾಕಿದವರೊಂದಿಗೆ ತಮಗೆ ಇಂಥ ಸಂಬಂಧವಿಲ್ಲ ಎಂಬ ಘೋಷಣೆಗೆ ಸಹಿ ಹಾಕಲಿ.

ಅರ್ಹತೆಯನ್ನು ಕೈಕೆಲಸದಲ್ಲಿ ಅಳೆಯಿರಿ

ದೊಡ್ಡ ವಾರ್ಷಿಕ ವಹಿವಾಟು ಕೇಳಿದರೆ ರಸ್ತೆ, ಸೇತುವೆ ಮಾಡುವವರು ಬರುತ್ತಾರೆ, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಬಾಗಿಲಲ್ಲೇ ಉಳಿಯುತ್ತಾನೆ. ಹಳೆಯ ಕಟ್ಟಡದಲ್ಲಿ ಮಾಡಿದ ಕೆಲಸದ ಅನುಭವ ಕೇಳಿ, ಆ ಕಟ್ಟಡಗಳಿಗೆ ಹೋಗಿ ನೋಡಿ. ಸಣ್ಣ ಕುಶಲಕರ್ಮಿ ತಂಡ ಮತ್ತು ನೋಂದಾಯಿತ ಗುತ್ತಿಗೆದಾರ ಜಂಟಿಯಾಗಿ ಟೆಂಡರ್ ಹಾಕಲು ಅವಕಾಶ ಕೊಡಿ. ಮುಖ್ಯ ಮೇಸ್ತ್ರಿಯ ಹೆಸರು ಟೆಂಡರ್‌ನಲ್ಲೇ ಇರಲಿ, ಅನುಮತಿಯಿಲ್ಲದೆ ಅವರನ್ನು ಬದಲಿಸುವಂತಿಲ್ಲ, ಉಪಗುತ್ತಿಗೆ ಕೊಡುವಂತಿಲ್ಲ ಎಂಬ ಷರತ್ತೂ ಇರಲಿ. ಆದರೆ ಒಬ್ಬನೇ ಒಬ್ಬ ಗುತ್ತಿಗೆದಾರನ ಅಳತೆಗೆ ಹೊಲಿದ ಅಂಗಿಯಂತಹ ಷರತ್ತುಗಳನ್ನು ಹಾಕಬೇಡಿ. ಕನಿಷ್ಠ ಮೂವರು ತೇರ್ಗಡೆಯಾಗಬಹುದೇ ಎಂದು ಮೊದಲೇ ಯೋಚಿಸಿ.

ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಲಕೋಟೆ ತೆರೆಯುತ್ತಾರೆ, ತೇರ್ಗಡೆಯಾದವರ ದರವನ್ನಷ್ಟೇ ಆಮೇಲೆ ನೋಡುತ್ತಾರೆ. ಅಂಕ ಹೇಗೆ ಕೊಡುತ್ತೀರಿ ಎಂಬುದು ಪ್ರಕಟಣೆಯಲ್ಲೇ ಅಚ್ಚಾಗಿರಬೇಕು. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಗಳು ಗುಣಮಟ್ಟಕ್ಕೆ ಪ್ರಾಧಾನ್ಯವಿರುವ ಕಾಮಗಾರಿಗಳಲ್ಲಿ ದರದ ಜೊತೆಗೆ ಗುಣಮಟ್ಟಕ್ಕೂ ಗರಿಷ್ಠ ಶೇ 30ರಷ್ಟು ತೂಕ ಕೊಡಲು ಒಪ್ಪಿವೆ. ಯೋಜನೆ ಕೇಂದ್ರದ ನಿಯಮಗಳಡಿ ಬರುತ್ತಿದ್ದರೆ ಈ ದಾರಿಯನ್ನು ವಿಚಾರಿಸಿ.

ಟೆಂಡರ್‌ಪೂರ್ವ ಸಭೆಯನ್ನು ಕಚೇರಿಯಲ್ಲಿ ಮಾಡದೆ ಕಟ್ಟಡದಲ್ಲೇ ಮಾಡಿ. ಒಬ್ಬರು ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರ ಎಲ್ಲರಿಗೂ ಬರವಣಿಗೆಯಲ್ಲಿ ಸಿಗಲಿ.

ದರಪಟ್ಟಿಯ ಒಳಗೆ ನೋಡಿ

ಒಟ್ಟು ಮೊತ್ತ ನೋಡಿ ಎಲ್-1, ಅಂದರೆ ಅತಿ ಕಡಿಮೆ ದರ ಕೂಗಿದವರು ಯಾರೆಂದು, ಘೋಷಿಸುವುದು ಸುಲಭ. ಉದಾಹರಣೆಗೆ, ಪಟ್ಟಿಯಲ್ಲಿ 1,000 ಚದರ ಮೀಟರ್ ಸುಣ್ಣದ ಪ್ಲಾಸ್ಟರ್ ಮತ್ತು 4 ತೊಲೆಗಳ ಬದಲಾವಣೆ ಇದೆ ಎಂದುಕೊಳ್ಳಿ. ಮೊದಲನೆಯವರು ಪ್ಲಾಸ್ಟರ್‌ಗೆ ಚದರ ಮೀಟರಿಗೆ 400 ರೂಪಾಯಿ, ತೊಲೆಗೆ 50,000 ರೂಪಾಯಿ ಕೂಗಿದರು: ಒಟ್ಟು 6 ಲಕ್ಷ. ಎರಡನೆಯವರು 480 ಮತ್ತು 35,000 ಕೂಗಿದರು: 6.2 ಲಕ್ಷ. ಕೆಲಸ ಮೊದಲನೆಯವರಿಗೆ. ತಾರಸಿ ಬಿಚ್ಚಿದಾಗ ಕೆಟ್ಟ ತೊಲೆಗಳು 14! ಈಗ ಮೊದಲನೆಯವರ ಬಿಲ್ 11 ಲಕ್ಷ, ಎರಡನೆಯವರದಾಗಿದ್ದರೆ 9.7 ಲಕ್ಷ. ತೊಲೆಗಳ ಸ್ಥಿತಿ ಒಳಗಿನವರಿಂದ ಒಬ್ಬರಿಗೆ ಮಾತ್ರ ಮೊದಲೇ ತಿಳಿದಿದ್ದರೆ ಇದು ಶುದ್ಧ ಮೋಸ. ತೆರೆದು ನೋಡಿದ ಜಾಗಗಳ ವರದಿಯನ್ನು ಟೆಂಡರ್ ಜೊತೆಗೇ ಎಲ್ಲರಿಗೂ ಕೊಡುವುದು, ಒಂದೊಂದು ಐಟಂನ ದರವನ್ನೂ ಮಾರುಕಟ್ಟೆ ದರದ ಜೊತೆ ತಾಳೆ ನೋಡುವುದು, ಪ್ರಮಾಣ ಇಷ್ಟಕ್ಕಿಂತ ಹೆಚ್ಚಿದರೆ ದರ ಮರುಪರಿಶೀಲನೆ ಎಂಬ ಷರತ್ತು ಹಾಕುವುದು, ಈ ಮೂರೂ ಬೇಕು.

ಬಂದ ಟೆಂಡರ್‌ಗಳೆಲ್ಲದರ ದರಗಳು ಪ್ರತಿ ಐಟಂನಲ್ಲೂ ಒಂದೇ ಅನುಪಾತದಲ್ಲಿ ಏರಿಳಿದಿದ್ದರೆ, ಒಂದೇ ಕಾಗುಣಿತದ ತಪ್ಪು ಎರಡು ಕಡೆ ಇದ್ದರೆ, ಅವರು ಒಟ್ಟಿಗೆ ಕೂತು ಬರೆದಿರುವ ಸಂಭವವಿದೆ. ಮೇಲಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. ಸೋತವರಿಗೂ ಕಾರಣ ತಿಳಿಸಬೇಕು. ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಮೇಲೆ ಹೇಳಿದ 1999ರ ಪಾರದರ್ಶಕತೆ ಕಾಯ್ದೆಯಲ್ಲಿ ಅವಕಾಶವಿದೆ.

ಹಳೆಯ ಸಾಮಾನು ಯಾರದ್ದು?

ಇದನ್ನು ಕರಾರಿನಲ್ಲಿ ಬರೆಯದೆ ಕೆಲಸ ಆರಂಭಿಸಲೇಬೇಡಿ. ಸಾಗುವಾನಿ ಬಾಗಿಲು, ಹಿತ್ತಾಳೆಯ ಬಿಜಾಗರಿ, ಬಣ್ಣದ ಗಾಜು, ಹಳೆಯ ಮಂಗಳೂರು ಹೆಂಚು, ಇವುಗಳಿಗೆ ಹಳೆಯ ಸಾಮಾನಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಯಿದೆ. ಅಷ್ಟು ಕಡಿಮೆ ದರಕ್ಕೆ ಹೇಗೆ ಒಪ್ಪಿದರು ಎಂಬುದರ ಉತ್ತರ ಕೆಲವೊಮ್ಮೆ ಲಾರಿಯಲ್ಲಿ ಹೊರಟುಹೋಗಿರುತ್ತದೆ. ಬಿಚ್ಚುವ ಮೊದಲು ಪ್ರತಿ ಬಾಗಿಲು, ಕಿಟಕಿ, ತೊಲೆಗೆ ಸಂಖ್ಯೆ ಹಾಕಿ ಚಿತ್ರ ತೆಗೆಯಿರಿ. ಬಿಚ್ಚಿದ್ದೆಲ್ಲ ದಾಸ್ತಾನು ಪುಸ್ತಕಕ್ಕೆ ಏರಲಿ. ಬೀಗದ ಒಂದು ಕೈ ಇಲಾಖೆಯಲ್ಲಿರಲಿ.

ಕೆಲಸಗಾರರು

ಕನಿಷ್ಠ ವೇತನ, ವಿಮೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಇಲ್ಲದೆ ಯಾರೂ ಅಟ್ಟಣಿಗೆ ಹತ್ತಬಾರದು. ಸುಟ್ಟ ಸುಣ್ಣ ನೀರಿಗೆ ಬಿದ್ದಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸುಣ್ಣ ಅರಳಿಸುವವರಿಗೆ ಕನ್ನಡಕ, ಕೈಗವಸು, ಬೂಟು ಕೊಡುವುದಕ್ಕೆ ಅಂದಾಜುಪಟ್ಟಿಯಲ್ಲೇ ಹಣವಿಡಿ, ಗುತ್ತಿಗೆದಾರನ ಔದಾರ್ಯಕ್ಕೆ ಬಿಡಬೇಡಿ. ಕೂಲಿ ಬ್ಯಾಂಕ್ ಖಾತೆಗೆ ಹೋದ ದಾಖಲೆ ಬಂದ ಮೇಲೆಯೇ ಬಿಲ್ ಪಾಸಾಗಲಿ.

ಮಾದರಿ ತುಂಡು ಮತ್ತು ಕೊನೆಯ ಬಿಲ್

ಕಾರ್ಯಾದೇಶ ಕೊಟ್ಟ ಮೇಲೆ ಮೊದಲ ಕೆಲಸ, ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಒಂದು ಮೀಟರ್ ಚದರದ ಮಾದರಿ ಪ್ಲಾಸ್ಟರ್ ಮಾಡಿಸುವುದು. ವಾರಗಳ ಕಾಲ ಅದನ್ನು ಒದ್ದೆ ಗೋಣಿಯಿಂದ ಮುಚ್ಚಿ ನಿಧಾನವಾಗಿ ಗಟ್ಟಿಯಾಗಲು ಬಿಡಿ. ಕೂದಲೆಳೆ ಬಿರುಕು ಮೂಡಿದರೆ ಮಿಶ್ರಣ ಬದಲಿಸಿ ಮತ್ತೆ ಮಾಡಿಸಿ. ಒಪ್ಪಿಗೆಯಾದ ತುಂಡಿನ ಪಕ್ಕದಲ್ಲಿ ಮೇಸ್ತ್ರಿ, ಎಂಜಿನಿಯರ್ ಇಬ್ಬರೂ ಸಹಿ ಮಾಡಿ ದಿನಾಂಕ ಬರೆಯಲಿ. ಮುಂದಿನ ಗೋಡೆಗಳನ್ನೆಲ್ಲ ಇದರ ಪಕ್ಕದಲ್ಲಿಟ್ಟೇ ನೋಡುವುದು.

ಮುಚ್ಚಿಹೋಗುವ ಕೆಲಸದ ಚಿತ್ರವಿಲ್ಲದೆ ಅಳತೆ ಪುಸ್ತಕಕ್ಕೆ ಸಹಿ ಬೇಡ. ಹೆಚ್ಚುವರಿ ಐಟಂಗಳ ಆದೇಶ, ಕಾರಣ, ಮೊತ್ತವನ್ನು ಕಟ್ಟಡದ ಮುಂದಿನ ಫಲಕದಲ್ಲೇ ಹಚ್ಚಿ. ಇವನ್ನು ತಾವಾಗಿಯೇ ಪ್ರಕಟಿಸಬೇಕೆಂಬುದೇ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್‌ನ ಆಶಯ.

ಬಿಲ್‌ನಿಂದ ಹಿಡಿದಿಟ್ಟ ಮೊತ್ತವನ್ನು ಎರಡು ಮಳೆಗಾಲ ಕಳೆದ ಮೇಲೆ ಬಿಡುಗಡೆ ಮಾಡುವಂತೆ ಕರಾರಿನಲ್ಲಿ ಬರೆಯಿರಿ. ಬಿಡುಗಡೆಗೆ ಮುನ್ನ ಎಂಜಿನಿಯರ್, ಮೇಸ್ತ್ರಿ, ಕಟ್ಟಡ ಬಳಸುವವರಲ್ಲಿ ಒಬ್ಬರು, ಮೂವರೂ ಮಳೆ ಸುರಿಯುತ್ತಿರುವ ಒಂದು ದಿನ ಒಳಗೆ ಸುತ್ತಾಡಿ, ಪ್ರತಿ ತೊಲೆಯ ತುದಿಗೆ ಟಾರ್ಚ್ ಹಿಡಿದು, ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಲಿ.