ಟ್ಯಾಲಿಗೂ ಒಂದೇ ಲಾಗಿನ್: ದಾವಣಗೆರೆ, ಹರಿಹರ, ಚಳ್ಳಕೆರೆಯಲ್ಲಿ ಕೂರಿಸಿದ್ದು

ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಗೆ ಎಸ್‌ಎಸ್‌ಒ (ಒಂದೇ ಲಾಗಿನ್‌ನಲ್ಲಿ ಎಲ್ಲದಕ್ಕೂ ಪ್ರವೇಶ) ಬರಲ್ಲ, ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳೋ ಕೀಕ್ಲೋಕ್ ಹಾಕ್ಕೊಂಡು ಏನ್ ಮಾಡ್ತೀಯ ಅಂದವರೇ ಹೆಚ್ಚು. ಟ್ಯಾಲಿಗೆ ಬರಲ್ಲ, ನಿಜ. ಟ್ಯಾಲಿ ಓಡೋ ವಿಂಡೋಸ್ ಸರ್ವರಿನ ಮುಂದೆ ಗ್ವಾಕಮೋಲೆ (ದೂರದ ಕಂಪ್ಯೂಟರಿನ ಪರದೆಯನ್ನು ಬ್ರೌಸರಿನಲ್ಲೇ ತೋರಿಸೋ ತಂತ್ರಾಂಶ) ಕೂರಿಸಿದರೆ ಬರುತ್ತೆ. ದಾವಣಗೆರೆಯ ಮಂಡಿ, ಹರಿಹರದ ಗೋದಾಮು, ಚಳ್ಳಕೆರೆಯ ಎಣ್ಣೆ ಮಿಲ್ಲು, ಮೂರೂ ಸೇರಿ ನಲವತ್ತು ಚಿಲ್ಲರೆ ಜನ. ಎಂಟು ತಿಂಗಳಿಂದ ಎಲ್ಲರೂ ಒಂದೇ ಬಾಗಿಲಲ್ಲಿ ಒಳಗೆ ಬರ್ತಿದ್ದಾರೆ. ರೂಟರಿನಲ್ಲಿ ಬಾಯಿ ತೆರೆದು ಕೂತಿದ್ದ 3389, ಅಂದರೆ ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ ಪೋರ್ಟು, ಈಗ ಬಂದ್.

ಖರ್ಚು: 4 ಜಿಬಿಯ ಬಾಡಿಗೆ ಸರ್ವರಿಗೆ ತಿಂಗಳಿಗೆ ಸಾವಿರದ ಆಸುಪಾಸು, ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗೆ ಹದಿನೆಂಟು ಸಾವಿರ, ಲಾಗಿನ್‌ಗೆ ಚುಚ್ಚೋ ಆರು ಯುಎಸ್‌ಬಿ ಕೀಗೆ ಹದಿನೈದು ಸಾವಿರ. ಇದೇ ಕೆಲಸಕ್ಕೆ ತಲೆಗಿಷ್ಟು ಅಂತ ಬಂದಿದ್ದ ತಿಂಗಳ ಲೆಕ್ಕದ ಕೊಟೇಷನ್ ವರ್ಷಕ್ಕೆ ಲಕ್ಷ ದಾಟಿತ್ತು. ಆರ್‌ಡಿಎಸ್ ಲೈಸೆನ್ಸ್ (ಒಂದೇ ವಿಂಡೋಸ್ ಸರ್ವರಿಗೆ ಹಲವರು ದೂರದಿಂದ ಬರೋಕೆ ಬೇಕಾದದ್ದು) ಮಾತ್ರ ಇದರಲ್ಲಿ ಸೇರಿಲ್ಲ; ಲೈಸೆನ್ಸ್ ಇಲ್ಲದೆ ನಡೆಯೋ 120 ದಿನದ ಗ್ರೇಸ್ ನಂಬಿಕೊಂಡು ಬಜೆಟ್ ಮಾಡಬೇಡಿ.

ಮಂಡಿಯ ಇಂಟರ್ನೆಟ್ ಲೈನು ಸಿಜಿನ್ಯಾಟ್ ಒಳಗಿತ್ತು, ಅಂದರೆ ಹಲವರಿಗೆ ಒಂದೇ ಐಪಿ, ಹೊರಗಿನಿಂದ ನೇರ ತಲುಪೋಕೆ ಆಗಲ್ಲ. ಅದಕ್ಕೇ ಮಿನಿ ಪಿಸಿಯಿಂದ ಹೊರಗಿನ ಬಾಡಿಗೆ ಸರ್ವರಿಗೆ ವೈರ್‌ಗಾರ್ಡ್ ವಿಪಿಎನ್ ಸುರಂಗ, ಅದು ಮುಚ್ಚಿಹೋಗದಂತೆ ಕೀಪ್‌ಅಲೈವ್ 25 ಸೆಕೆಂಡು. ಕೀಕ್ಲೋಕನ್ನು ಶುರುವಿನಲ್ಲಿ ಡೆವ್ ಮೋಡಿನಲ್ಲೇ (ಪರೀಕ್ಷೆಗೆ ಮಾತ್ರ ಇರೋದು) ಓಡಿಸಿದ್ದು ನನ್ನ ಸೋಮಾರಿತನ. ಅದರ ಎಚ್2 ಡೇಟಾಬೇಸ್ ಫೈಲು ಕೆಟ್ಟು ಕೂತಿತು, ಹಾಕಿದ ಯೂಸರ್‌ಗಳೆಲ್ಲ ಹೋದರು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಲ್ಲದೆ ಮುಟ್ಟಲೇಬೇಡಿ.

ಗ್ವಾಕಮೋಲೆ ಕೀಕ್ಲೋಕಿನ ಲಾಗಿನ್ ಒಪ್ಪೋದು ಓಪನ್‌ಐಡಿ ಅನ್ನೋ ಪದ್ಧತಿಯಿಂದ; ಅದಕ್ಕೆ ಕೀಕ್ಲೋಕ್ ಕ್ಲೈಂಟಿನಲ್ಲಿ 'ಇಂಪ್ಲಿಸಿಟ್ ಫ್ಲೋ' ಅನ್ನೋ ಆಯ್ಕೆ ಟಿಕ್ ಮಾಡಬೇಕು. ಇಷ್ಟಾದ ಮೇಲೂ ಲಾಗಿನ್ ಆಗುತ್ತೆ, ಪರದೆ ಖಾಲಿ. ಎರಡು ದಿನ ತಿಂದದ್ದು ಇದೇ. ಯೂಸರಿನ ಗುಂಪಿನ ಹೆಸರು ಗ್ವಾಕಮೋಲೆಗೆ ಕಳಿಸೋ ಕೀಕ್ಲೋಕಿನ ಮ್ಯಾಪರಿನಲ್ಲಿ 'ಫುಲ್ ಗ್ರೂಪ್ ಪಾತ್' ತಾನಾಗೇ ಆನ್ ಇರುತ್ತೆ, ಹೆಸರಿನ ಮುಂದೆ ಒಂದು ಓರೆಗೆರೆ ಅಂಟಿಕೊಂಡು ಬರುತ್ತೆ. ಗ್ವಾಕಮೋಲೆಗೆ ಆ ಗುಂಪು ಯಾವುದೋ ಬೇರೆ. ಆಫ್ ಮಾಡಿ, ಅಷ್ಟೇ.

ಇನ್ನೊಂದು ಗಂಟು: ಓಪನ್‌ಐಡಿಯಲ್ಲಿ ಪಾಸ್‌ವರ್ಡು ಗ್ವಾಕಮೋಲೆ ತನಕ ಬರೋದೇ ಇಲ್ಲ. ಹಾಗಾಗಿ ವಿಂಡೋಸ್ ಮತ್ತೆ ಕೇಳುತ್ತೆ, ಗುಮಾಸ್ತರು ಗೊಣಗ್ತಾರೆ. ನಮ್ಮಲ್ಲಿ ಈಗ ಕೇಳಲ್ಲ. ಹೇಗೆ ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಬಿಚ್ಚಲ್ಲ.

ಗಡಿಯಾರ ನೋಡಿ ಮೊಬೈಲ್ ಆಪ್ ಹುಟ್ಟಿಸೋ ಓಟಿಪಿ ಮೂರು ಜನಕ್ಕೆ ಸದಾ ತಪ್ಪು ಬರ್ತಿತ್ತು. ಫೋನಿನ ಗಡಿಯಾರ ಕೈಯಲ್ಲಿ ಇಟ್ಟದ್ದು, ಎರಡು ನಿಮಿಷ ಮುಂದೆ. ಕೋಡು ಬದಲಾಗೋದು 30 ಸೆಕೆಂಡಿಗೊಮ್ಮೆ, ಕೀಕ್ಲೋಕ್ ಒಂದು ಹೆಜ್ಜೆ ಆಚೀಚೆ ಮಾತ್ರ ಒಪ್ಪುತ್ತೆ. ಆಟೋಮ್ಯಾಟಿಕ್ ಟೈಮ್ ಹಾಕಿದ ಮೇಲೆ ಸರಿಹೋಯ್ತು. ವೇಬ್ರಿಡ್ಜಿನವರ (ಲಾರಿ ತೂಗೋರು) ಹತ್ತಿರ ಇದ್ದದ್ದು ಬಟನ್ ಫೋನು. ಅವರಿಗೇ ಆ ಯುಎಸ್‌ಬಿ ಕೀ, ಆಳಿಗೊಂದು. ಕೀ ನೋಂದಾಯಿಸೋ ಮೊದಲು ಡೊಮೇನ್ ಹೆಸರು ಖಾತ್ರಿ ಮಾಡ್ಕೊಳ್ಳಿ. ಆಮೇಲೆ ಬದಲಿಸಿದರೆ ಹಳೇ ನೋಂದಣಿ ಯಾವುದೂ ನಡೆಯಲ್ಲ. ಚಳ್ಳಕೆರೆಗೆ ಎರಡನೇ ಸಲ ಬಸ್ಸು ಹತ್ತಿದ್ದು ಅದಕ್ಕೇ.

ಒಳಗೆ ಬಿಡೋದು ಸುಲಭ, ಹೊರಗೆ ಹಾಕೋದೇ ಕಷ್ಟ. ಕೆಲಸ ಬಿಟ್ಟವರ ಖಾತೆ ಕೀಕ್ಲೋಕಿನಲ್ಲಿ ಆಫ್ ಮಾಡಿದರೂ ಸ್ಟಾಕ್ ಪುಟ ಅವರಿಗೆ ತೆರೀತಾನೇ ಇತ್ತು. ಆ ಪುಟದ ಮುಂದೆ ಲಾಗಿನ್ ನೋಡೋ ಓಆಥ್2 ಪ್ರಾಕ್ಸಿ ಬ್ರೌಸರಿನಲ್ಲಿ ಇಡೋ ಕುಕಿ 168 ಗಂಟೆ, ಅಂದರೆ ಪೂರ್ತಿ ಒಂದು ವಾರ ಬದುಕಿರುತ್ತೆ. ನಡುವೆ ಕೀಕ್ಲೋಕನ್ನು ಮತ್ತೆ ಕೇಳೋ ರಿಫ್ರೆಶ್ ಅನ್ನೋದು ನಾವು ಹಾಕದೆ ಇದ್ದರೆ ಇಲ್ಲ. ಕೀಕ್ಲೋಕ್ ಕೊಡೋ ಆಕ್ಸೆಸ್ ಟೋಕನ್ (ಪ್ರವೇಶದ ಚೀಟಿ) ಆಯಸ್ಸು 5 ನಿಮಿಷ, ಆದ್ದರಿಂದ ಕುಕಿ ರಿಫ್ರೆಶ್ 4 ನಿಮಿಷಕ್ಕೆ ಇಟ್ಟೆ. ಈಗ ಟೀ ಕುಡಿಯೋದರೊಳಗೆ ಬಾಗಿಲು ಬೀಳುತ್ತೆ. ಗ್ವಾಕಮೋಲೆಯಲ್ಲಿ ತೆರೆದಿರೋ ಸೆಷನ್ ಮಾತ್ರ ಹಾಗೇ ಓಡ್ತಿರುತ್ತೆ. ಆಕ್ಟಿವ್ ಸೆಷನ್ಸ್‌ಗೆ ಹೋಗಿ ಕೈಯಿಂದಲೇ ಕೊಲ್ಲಬೇಕು.

ಇದರ ನಡುವೆ ವೈಫೈಗೂ ಇದೇ ಪಾಸ್‌ವರ್ಡ್ ಅಂತ ವೈಫೈ ಲಾಗಿನ್ ಪರೀಕ್ಷಿಸೋ ಫ್ರೀರೇಡಿಯಸ್ ಕಟ್ಟೋಕೆ ಹೋದೆ. ವೈಫೈ ಲಾಗಿನ್ ವಿಧಾನ ಪೀಪ್ ಕೇಳೋ ಎನ್‌ಟಿ ಹ್ಯಾಶ್ (ವಿಂಡೋಸ್ ಬಗೆಯ ಪಾಸ್‌ವರ್ಡ್ ಗುರುತು) ಕೀಕ್ಲೋಕ್ ಇಡೋದಿಲ್ಲ. ಪಾಸ್‌ವರ್ಡನ್ನೇ ಗೂಢ ಸುರಂಗದೊಳಗೆ ಕಳಿಸೋ ಇನ್ನೊಂದು ವಿಧಾನ, ಟಿಟಿಎಲ್‌ಎಸ್ ಜೊತೆ ಪ್ಯಾಪ್, ಆದರೆ ನಡೀತು, ಆದರೆ ಒಂದೊಂದು ಫೋನಿಗೂ ಕೂತು ಸೆಟ್ಟಿಂಗ್ ಮಾಡಬೇಕು. ನಾಲ್ಕನೇ ಫೋನಿಗೆ ಕೈಬಿಟ್ಟೆ.

ಕೀಕ್ಲೋಕ್ ಮಲಗಿದ ದಿನಕ್ಕೆ ಅಂತ ವಿಂಡೋಸಿನ ಒಂದು ಲೋಕಲ್ ಅಡ್ಮಿನ್ ಖಾತೆ ಉಳಿಸಿದ್ದೀನಿ. ಅದರ ಪಾಸ್‌ವರ್ಡು ಅರಗು ಹಾಕಿದ ಲಕೋಟೆಯಲ್ಲಿ, ಸಾಹುಕಾರರ ತಿಜೋರಿಯಲ್ಲಿದೆ. ಇಲ್ಲಿತನಕ ಒಂದೇ ಸಲ ಒಡೆದದ್ದು.