ರೇಡ್‌ನಿಂದ ಡಿಸ್ಕ್ ಹೊರಗೆ ಬಿದ್ರೆ ಮೊದಲು ಕಾರ್ಡ್ ನೋಡಿ

ಮಂಗಳೂರು, ಉಡುಪಿ ಕಡೆ ಈಗ ಮದುವೆ ವಿಡಿಯೊ ಮಾಡುವ ಸ್ಟುಡಿಯೊಗಳಲ್ಲಿ, ಸಣ್ಣಪುಟ್ಟ ಆಫೀಸುಗಳಲ್ಲಿ, ಮಣಿಪಾಲದಲ್ಲಿ ರೂಮ್ ಮಾಡ್ಕೊಂಡಿರುವ ಹುಡುಗರ ಹತ್ರ ಕೂಡ, ಹಳೇ ಪಿಸಿಗೆ ಲಿನಕ್ಸ್ ಹಾಕಿ ನಾಲ್ಕೈದು ಹಾರ್ಡ್ ಡಿಸ್ಕ್ ಸೇರಿಸಿ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕನ್ನು ಲಿನಕ್ಸೇ ಒಂದಾಗಿ ಕಟ್ಟಿ ನಡೆಸುದು) ಮಾಡಿಟ್ಟ ಸ್ಟೋರೇಜ್ ಉಂಟು. ಮದರ್‌ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್ ಮುಗೀತು ಅಂತ ಪೋರ್ಟ್ ಹೆಚ್ಚಿಸುವ ಒಂದು ಕಾರ್ಡ್ ತಂದು ಸಿಕ್ಕಿಸ್ತಾರೆ, ತಲೆನೋವು ಹೆಚ್ಚಾಗಿ ಅಲ್ಲಿಂದಲೇ ಶುರು. ಡಿಸ್ಕ್ ಹೊರಗೆ ಬೀಳ್ತದೆ (ಅಂದ್ರೆ ಲಿನಕ್ಸ್ ಅದನ್ನು ರೇಡ್‌ನಿಂದ ಕೈಬಿಡ್ತದೆ), ಹೊಸ ಡಿಸ್ಕ್ ತಂದು ಹಾಕಿದ್ರೂ ನಾಲ್ಕು ದಿನದಲ್ಲಿ ಅದೂ ಬೀಳ್ತದೆ, ಆಮೇಲೆ ಡಿಸ್ಕ್ ಕಂಪನಿಗೆ ಬೈಯುದು. ತಪ್ಪು ಕಾರ್ಡಿಂದೋ ಕೇಬಲ್‌ದೋ ಆಗಿರ್ತದೆ.

ಮೊದಲನೇದಾಗಿ ಎಂತ ಮಾಡಬಾರದು ಅಂತ ಹೇಳ್ತೇನೆ. ಲಿನಕ್ಸ್ ರೇಡ್ ನಡೆಸುವ ಕಮಾಂಡ್ ಎಂಡಿಎಡಿಎಂನಲ್ಲಿ (mdadm) 'ಕ್ರಿಯೇಟ್' ಅನ್ನುವ ಆಪ್ಷನ್ ಮುಟ್ಟಬೇಡಿ. ಯಾರೋ ಹೇಳಿದ್ರು ಅಂತ ಅದೇ ಡಿಸ್ಕ್‌ಗಳ ಮೇಲೆ ಮತ್ತೆ ಕ್ರಿಯೇಟ್ ಹೊಡೆದ್ರೆ ಹಳೇ ಸೂಪರ್‌ಬ್ಲಾಕ್ (ರೇಡ್ ಹೇಗೆ ಕಟ್ಟಿದೆ ಅನ್ನುವ ಮಾಹಿತಿ) ಹೋಗ್ತದೆ, ಡಿಸ್ಕಿನ ಕ್ರಮವೋ ಚಂಕ್ ಸೈಜೋ (ಪ್ರತಿ ಡಿಸ್ಕ್‌ಗೆ ಹಂಚುವ ಡೇಟಾ ತುಂಡಿನ ಅಳತೆ) ಒಂದು ತಪ್ಪಿದ್ರೂ ಡೇಟಾ ಕಲಸುಮೇಲೋಗರ. ಅದರ ಬದಲು ಪ್ರತಿ ಡಿಸ್ಕ್‌ಗೂ 'ಎಕ್ಸಾಮಿನ್' ಕೊಟ್ಟು ಬಂದದ್ದನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಡಿ, ಇದು ಬರೇ ಓದುವ ಕೆಲಸ, ಡಿಸ್ಕ್‌ಗೆ ಎಂತದೂ ಆಗುದಿಲ್ಲ. ಅದರಲ್ಲಿ 'ಈವೆಂಟ್ಸ್' ಅಂತ ಒಂದು ನಂಬರ್ ಇರ್ತದೆ, ಯಾವ ಡಿಸ್ಕಿನ ನಂಬರ್ ಹಿಂದೆ ಉಳಿದಿದೆಯೋ ಅದು ಮೊದಲು ಬಿದ್ದದ್ದು.

ಈಗ ಕರ್ನಲ್, ಅಂದ್ರೆ ಲಿನಕ್ಸಿನ ಒಳತಿರುಳು, ಬರೆದಿಡುವ ಸಂದೇಶಗಳನ್ನು ಡಿಮೆಸೇಜ್ (dmesg) ಕಮಾಂಡಿನಲ್ಲಿ ತೆಗೆದು ನೋಡಿ. ಇಲ್ಲಿ ಅವಸರ ಬೇಡ ಮಾರಾಯ್ರೆ, ಅರ್ಧ ಉತ್ತರ ಇದರಲ್ಲೇ ಸಿಕ್ತದೆ. 'ಎಟಿಎ5: ಹಾರ್ಡ್ ರೀಸೆಟಿಂಗ್ ಲಿಂಕ್' ಅಂತ ಸಾಲುಸಾಲು ಬಂದು, ಕೊನೆಗೆ 'ಲಿಮಿಟಿಂಗ್ ಸಾಟಾ ಲಿಂಕ್ ಸ್ಪೀಡ್ ಟು 3.0 ಜಿಬಿಪಿಎಸ್' ಅಂತ ಇದ್ರೆ ಕರ್ನಲ್ ಡಿಸ್ಕ್ ಜೊತೆ ಮಾತಾಡ್ಲಿಕ್ಕೆ ಆಗದೆ ಸ್ಪೀಡ್ ಕಡಿಮೆ ಮಾಡ್ತಾ ಉಂಟು ಅಂತ ಲೆಕ್ಕ. ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ (smartctl) 199ನೇ ಅಟ್ರಿಬ್ಯೂಟ್, ಅಂದ್ರೆ ಸಿಆರ್‌ಸಿ ಎರರ್ ಕೌಂಟ್, ಏರ್ತಾ ಇದ್ರೆ ದಾರಿಯಲ್ಲಿ ಡೇಟಾ ಹಾಳಾಗ್ತಾ ಉಂಟು, ಅನುಮಾನ ಮೊದಲು ಕೇಬಲ್ ಮೇಲೆ ಬರಬೇಕು. ಅದೇ 5 ಮತ್ತು 197 (ಕೆಟ್ಟ ಸೆಕ್ಟರುಗಳ ಲೆಕ್ಕ) ಏರಿದ್ರೆ ಡಿಸ್ಕೇ ಸಾಯ್ತಾ ಉಂಟು, ಕಾರ್ಡಿಗೆ ಬೈದು ಪ್ರಯೋಜನ ಇಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಮಳೆಗಾಲದ ತೇವವೂ ಸೇರಿ ಕನೆಕ್ಟರ್ ಪಿನ್ನಿಗೆ ಕಿಲುಬು ಹಿಡಿಯುದು ಸಾಮಾನ್ಯ, ಹಾಗಾಗಿ ಕೇಬಲ್ ತೆಗೆದು ಹಾಕಿ, ಆಗದಿದ್ರೆ ಹೊಸದೇ ಹಾಕಿ, ಆಮೇಲೆ ಮುಂದಿನ ಮಾತು. 199ರ ಹಳೇ ನಂಬರ್ ಸೊನ್ನೆಗೆ ಬರುದಿಲ್ಲ, ಇನ್ನು ಏರದಿದ್ರೆ ಸಾಕು.

ಎರಡು ಡಿಸ್ಕ್ ಒಂದೇ ಸೆಕೆಂಡಿನಲ್ಲಿ ಬಿದ್ದಿದ್ಯಾ? ಎರಡೂ ಒಟ್ಟಿಗೆ ಸಾಯುದು ತೀರಾ ಅಪರೂಪ. ಎರಡೂ ಒಂದೇ ಕಾರ್ಡಿನಲ್ಲೋ ಒಂದೇ ಪವರ್ ಸ್ಪ್ಲಿಟರ್‌ನಲ್ಲೋ ಇರ್ತವೆ, ಅದನ್ನು ಹಿಡೀರಿ.

ಕಾರ್ಡ್ ಯಾವುದು ಅಂತ ತಿಳೀಲಿಕ್ಕೆ ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ. ಎಲ್ಎಸ್‌ಪಿಸಿಐ ಕಮಾಂಡಿಗೆ 'ಎನ್‌ಎನ್‌ಕೆ' ಆಪ್ಷನ್ ಹಾಕಿದ್ರೆ (lspci -nnk) ಚಿಪ್ಪಿನ ಹೆಸರು, ಯಾವ ಡ್ರೈವರ್ ಓಡ್ತಾ ಉಂಟು, ಎರಡೂ ಬರ್ತದೆ. ಎಎಚ್‌ಸಿಐ ಅಂತ ಬಂದ್ರೆ ಸಾದಾ ಸಾಟಾ ಚಿಪ್, ಎಂಪಿಟಿ3ಎಸ್‌ಎಎಸ್ ಬಂದ್ರೆ ಎಲ್‌ಎಸ್‌ಐ ಕಂಪನಿ ಜಾತಿಯ ಎಚ್‌ಬಿಎ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಕಾರ್ಡ್), ಮೆಗಾರೇಡ್ ಬಂದ್ರೆ ಅದು ತಾನೇ ರೇಡ್ ಮಾಡುವ ಕಾರ್ಡ್.

ಸಾಟಾ ಕಾರ್ಡುಗಳಲ್ಲಿ ಎಎಸ್‌ಎಂ1061 ಚಿಪ್ಪಿಗೆ ಇರುದೇ ಎರಡು ಪೋರ್ಟ್. ಆದ್ರೆ ಕಾರ್ಡಿನಲ್ಲಿ ಆರೋ ಎಂಟೋ ಪೋರ್ಟ್ ಕಾಣ್ತಾ ಉಂಟು ಅಂದ್ರೆ ನಡುವೆ ಪೋರ್ಟ್ ಮಲ್ಟಿಪ್ಲೈಯರ್ (ಒಂದೇ ಪೋರ್ಟನ್ನು ಹಲವು ಡಿಸ್ಕ್‌ಗೆ ಹಂಚುವ ಚಿಪ್) ಉಂಟು, ಒಂದು ಡಿಸ್ಕ್ ಕೆಮ್ಮಿದ್ರೆ ಅದೇ ಸಾಲಿನ ಬೇರೆ ಡಿಸ್ಕ್‌ಗಳೂ ರೀಸೆಟ್ ಆಗಬಹುದು, ರೇಡ್‌ಗೆ ಅದು ಬೇಡವೇ ಬೇಡ. ನಿಜವಾಗಿ ಐದು ಪೋರ್ಟ್ ಬೇಕಾದ್ರೆ ಜೆಎಂಬಿ585, ಆರು ಬೇಕಾದ್ರೆ ಎಎಸ್‌ಎಂ1166, ಎರಡೂ ಪಿಸಿಐಇ 3.0 ಎರಡು ಲೇನಿನವು (ಲೇನ್ ಅಂದ್ರೆ ಡೇಟಾ ಓಡುವ ದಾರಿ). ಹಂಪನಕಟ್ಟೆಯ ಅಂಗಡಿಯಲ್ಲಿ ತಗೊಳ್ಳಿ, ಆನ್‌ಲೈನ್ ತರಿಸಿ, ಪೋರ್ಟ್ ಎಷ್ಟು ಅಂತ ಕೇಳುದಲ್ಲ, ಚಿಪ್ ಯಾವುದು ಅಂತ ಕೇಳಿ. ಮಾರ್ವೆಲ್ 88ಎಸ್‌ಇ9230 ಇದ್ದು ಡಿಸ್ಕ್ ಕಾಣುದೇ ಇಲ್ಲ, ಡಿಮೆಸೇಜ್‌ನಲ್ಲಿ 'ಡಿಎಂಎಆರ್' ಎರರ್ ತುಂಬಿದೆ ಅಂತಾದ್ರೆ ಬಯಾಸ್‌ನಲ್ಲಿ ವಿಟಿ-ಡಿ ಆಫ್ ಮಾಡಿ ನೋಡಿ. ಆ ಚಿಪ್ ಡಿಎಂಎ (ನೇರ ಮೆಮೊರಿಗೆ ಹೋಗಲಿಕ್ಕೆ ಅನುಮತಿ) ಕೇಳುವಾಗ ಬೇರೆ ಫಂಕ್ಷನ್ ನಂಬರಿನಲ್ಲಿ ಕೇಳ್ತದೆ, ಮೆಮೊರಿ ಕಾಯುವ ಐಒಎಂಎಂಯು (ವಿಟಿ-ಡಿ ಅಂದ್ರೆ ಇದೇ) ಬಿಡುದಿಲ್ಲ. ಹೊಸ ಕರ್ನಲ್‌ನಲ್ಲಿ ಇದಕ್ಕೆ ಕ್ವಿರ್ಕ್, ಅಂದ್ರೆ ತೇಪೆ, ಸೇರಿಸಿದ್ದಾರೆ, ಹಳೇದರಲ್ಲಿ ತೊಂದರೆ.

ಇನ್ನು ಹಳೇ ಸರ್ವರಿನಿಂದ ಬಿಚ್ಚಿ ತಂದ ರೇಡ್ ಕಾರ್ಡ್. ಇದರಲ್ಲಿ ಪ್ರತಿ ಡಿಸ್ಕನ್ನೂ ಒಂದೊಂದು ರೇಡ್-0 ಮಾಡಿ, ಅದರ ಮೇಲೆ ಲಿನಕ್ಸ್ ರೇಡ್ ಕಟ್ಟುವವರು ಇದ್ದಾರೆ. ನಡೀತದೆ, ಕಾರ್ಡ್ ಕೈಕೊಡುವ ತನಕ. ಪರೀಕ್ಷೆ ಸುಲಭ, ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್ಎಸ್‌ಬಿಎಲ್‌ಕೆಗೆ 'ಓ' ಆಪ್ಷನ್ ಹಾಕಿ (lsblk -o NAME,MODEL) ಮಾಡೆಲ್ ಕಾಲಂ ನೋಡಿ, ಸೀಗೇಟ್ ಅಥವಾ ಡಬ್ಲ್ಯೂಡಿ ಮಾಡೆಲ್ ನಂಬರ್ ಇರಬೇಕಾದ ಜಾಗದಲ್ಲಿ ಕಾರ್ಡಿನ ಹೆಸರೇ ನಾಲ್ಕು ಸಲ ಇದ್ರೆ ಕಾರ್ಡ್ ನಡುವೆ ಕೂತು ಡಿಸ್ಕನ್ನು ಅಡಗಿಸಿದೆ ಅಂತ. ಸಾಫ್ಟ್‌ವೇರ್ ರೇಡ್‌ಗೆ ಬೇಕಾದದ್ದು ಎಂತದೂ ಮಾಡದೆ ಡಿಸ್ಕನ್ನು ಹಾಗೇ ದಾಟಿಸುವ ಕಾರ್ಡ್. ಎಸ್‌ಎಎಸ್2008, 2308, 3008 ಚಿಪ್ಪಿನ ಕಾರ್ಡುಗಳಿಗೆ ಐಟಿ ಮೋಡ್ ಫರ್ಮ್‌ವೇರ್ (ಡಿಸ್ಕನ್ನು ಹಾಗೇ ದಾಟಿಸುವ, ಕಾರ್ಡಿನ ಒಳಗಿನ ಸಾಫ್ಟ್‌ವೇರ್) ಅಂತ ಉಂಟು, ಅದು ಹಾಕಿದ್ರೆ ಸರಿಯಾಗ್ತದೆ. ಫ್ಲ್ಯಾಶ್ ಮಾಡುವ ಮೊದಲು ಡೇಟಾದ ಬ್ಯಾಕಪ್ ಬೇರೆ ಕಡೆ ಇರಲಿ. 1068ಇ ಚಿಪ್ಪಿನದ್ದು ಅಗ್ಗಕ್ಕೆ ಸಿಕ್ಕಿದ್ರೂ ಬಿಡಿ, 2 ಟಿಬಿಗಿಂತ ದೊಡ್ಡ ಡಿಸ್ಕ್ ಅದಕ್ಕೆ ಪೂರ್ತಿ ಕಾಣುದಿಲ್ಲ. ಇವೆಲ್ಲ ಸರ್ವರಿನ ಜೋರು ಗಾಳಿಗೆ ಮಾಡಿದ ಕಾರ್ಡುಗಳು, ಮೇ ತಿಂಗಳ ಮಂಗಳೂರಿನ ಸೆಖೆಯಲ್ಲಿ ಮಾಮೂಲಿ ಕ್ಯಾಬಿನೆಟ್ ಒಳಗಿಟ್ರೆ ಹೀಟ್‌ಸಿಂಕ್ ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ. ಒಂದು ಸಣ್ಣ ಫ್ಯಾನ್ ಕಟ್ಟಿ, ಅಷ್ಟೇ.

ಓಎಸ್ ಅಪ್‌ಗ್ರೇಡ್ ಮಾಡಿದ ಮೇಲೆ ಕಾರ್ಡೇ ಮಾಯ ಆದ್ರೆ ಅದು ಬೇರೆ ಕಥೆ. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಲ್ಲಿ ಎಸ್‌ಎಎಸ್2008ನಂಥ ಹಳೇ ಕಾರ್ಡುಗಳ ಐಡಿ ಡ್ರೈವರಿನಿಂದ ತೆಗೆದ್ರು, ಇಎಲ್‌ರೆಪೊ ಅನ್ನುವ ಹೊರಗಿನ ಸಾಫ್ಟ್‌ವೇರ್ ಭಂಡಾರದಿಂದ ಡ್ರೈವರ್ ಹಾಕಬೇಕು, ಡೆಬಿಯನ್ ಉಬುಂಟುವಿನಲ್ಲಿ ಈ ರಗಳೆ ಇಲ್ಲ. ಬೂಟ್ ಆದ ಮೇಲೆ ಅರೇ (ಕಟ್ಟಿದ ರೇಡ್) ಹೆಸರು ಎಂಡಿ0 ಹೋಗಿ ಎಂಡಿ127 ಆಗಿದ್ರೆ ಹೆದರಬೇಡಿ, ಎಂಡಿಎಡಿಎಂ ಕಾನ್ಫ್ ಫೈಲಿನಲ್ಲಿ (mdadm.conf) ಅರೇ ಸಾಲು ಹಾಕಿ ಇನಿಟ್‌ರಾಮ್‌ಎಫ್‌ಎಸ್ (ಬೂಟಿನ ಶುರುವಿಗೆ ಲೋಡ್ ಆಗುವ ಫೈಲ್) ಮತ್ತೆ ಕಟ್ಟಿ.

ಕಾರ್ಡ್ ಸರಿ, ಕೇಬಲ್ ಸರಿ, ಆದ್ರೂ ಬೀಳ್ತದೆ ಅಂತಾದ್ರೆ ಟೈಮೌಟ್ ನೋಡಿ. ಕೆಟ್ಟ ಸೆಕ್ಟರ್ ಸಿಕ್ಕಿದಾಗ ಡೆಸ್ಕ್‌ಟಾಪ್ ಡಿಸ್ಕ್ ಒಂದೆರಡು ನಿಮಿಷ ಪ್ರಯತ್ನ ಮಾಡ್ತಾ ಕೂರ್ತದೆ, ಕರ್ನಲ್ ಕಾಯುದು 30 ಸೆಕೆಂಡ್, ಆಮೇಲೆ ಲಿಂಕ್ ರೀಸೆಟ್. ಸ್ಮಾರ್ಟ್‌ಸಿಟಿಎಲ್‌ನಲ್ಲಿ ಎಸ್‌ಸಿಟಿ ಇಆರ್‌ಸಿಯನ್ನು (ಡಿಸ್ಕ್ ಎಷ್ಟು ಹೊತ್ತು ಪ್ರಯತ್ನ ಮಾಡಿ ಬಿಡಬೇಕು ಅನ್ನುದು) 70, 70 ಮಾಡಿ, ಅಂದ್ರೆ ಏಳು ಸೆಕೆಂಡ್. ಡಿಸ್ಕ್ ಅದಕ್ಕೆ ಒಪ್ಪದಿದ್ರೆ ಕರ್ನಲ್ ಟೈಮೌಟನ್ನೇ 180 ಸೆಕೆಂಡಿಗೆ ಏರಿಸಿ. ಕರೆಂಟ್ ಹೋಗಿ ಬಂದ್ರೆ ಎರಡೂ ಮರೆತು ಹೋಗ್ತದೆ, ಹಾಗಾಗಿ ಸ್ಟಾರ್ಟಪ್ ಸ್ಕ್ರಿಪ್ಟಿನಲ್ಲಿ ಹಾಕ್ಲೇಬೇಕು.

ಎಲ್ಲ ಆದ ಮೇಲೆ ಅರೇ ನಿಲ್ಲಿಸಿ, ಎಂಡಿಎಡಿಎಂನಲ್ಲಿ 'ಅಸೆಂಬಲ್' ಕೊಡಿ. ಒಪ್ಪದಿದ್ರೆ, ಈವೆಂಟ್ಸ್ ನಂಬರ್ ಹತ್ತಿರ ಹತ್ತಿರ ಇದ್ರೆ ಮಾತ್ರ, ಜೊತೆಗೆ 'ಫೋರ್ಸ್' ಸೇರಿಸಿ, ರೀಡ್-ಓನ್ಲಿ ಮೌಂಟ್ ಮಾಡಿ ಫೈಲ್ ತೆರೆದು ನೋಡಿ, ಮುಖ್ಯವಾದದ್ದನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಬಿದ್ದ ಡಿಸ್ಕನ್ನು ಆಮೇಲೆ ಸೇರಿಸಿ, ರೀಬಿಲ್ಡ್ ಮುಗಿದ ಮೇಲೆ ಅರೇಯ ಸಿಂಕ್ ಆಕ್ಷನ್ ಫೈಲಿಗೆ (sync_action) 'ಚೆಕ್' ಅಂತ ಬರೆದು ಒಂದು ರಾತ್ರಿ ಓಡಲಿಕ್ಕೆ ಬಿಡಿ. ಬೆಳಿಗ್ಗೆ ಡಿಮೆಸೇಜ್‌ನಲ್ಲಿ ಹೊಸ ರೀಸೆಟ್ ಸಾಲು ಒಂದೂ ಇಲ್ಲದಿದ್ರೆ ಕ್ಯಾಬಿನೆಟ್ ಮುಚ್ಚಬಹುದು.