ಕೈಯಾರೆ ಮಾಡುವ ಹುಟ್ಟುಹಬ್ಬದ ಕಾರ್ಡು

ಹುಟ್ಟುಹಬ್ಬದ ಕಾರ್ಡನ್ನು ಮನೆಯಲ್ಲೇ ಮಾಡಬೇಕೆಂದು ಮನಸ್ಸು ಮಾಡಿದವರು ಮೊದಲು ಹಾಳೆಯಿಂದ ಆಕಾರ ಕತ್ತರಿಸುವ ಡೈ ಯಂತ್ರದ ಬೆಲೆ ವಿಚಾರಿಸುತ್ತಾರೆ. ಅದು ಕೊನೆಗೆ ಕೊಳ್ಳಬೇಕಾದ ಸಾಮಾನು. ಮೊದಲು ಸ್ಟೆನ್ಸಿಲ್ ಎಂಬ ತೂತಿನ ಅಚ್ಚು, ಆಮೇಲೆ ಬಣ್ಣ ತಾಗಿಸಿ ಒತ್ತುವ ಸ್ಟ್ಯಾಂಪು, ಕೈ ಪಳಗಿದ ಮೇಲೆ ಡೈ. ಈ ಕ್ರಮದಲ್ಲಿ ಹೋದರೆ ದುಡ್ಡೂ ಉಳಿಯುತ್ತದೆ, ಕೆಲಸವೂ ಕೈಗೆ ಹತ್ತುತ್ತದೆ. ನಮ್ಮ ಕೊಪ್ಪಳದ ಹೆಣ್ಣುಮಕ್ಕಳಿಗೆ ಸ್ಟೆನ್ಸಿಲ್ ಹೊಸದೂ ಅಲ್ಲ. ಗವಿಮಠದ ಜಾತ್ರೆಯಿಂದ ತಂದ ರಂಗೋಲಿ ಅಚ್ಚು ಮನೆಯ ಯಾವುದಾದರೂ ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ತೊಳೆದು ಒರೆಸಿ ಹಾಳೆಯ ಮೇಲಿಟ್ಟರೆ ಮೊದಲ ಸ್ಟೆನ್ಸಿಲ್ ಸಿಕ್ಕಂತೆಯೇ.

ಹಾಳೆಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. 250ರಿಂದ 300 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ) ದಪ್ಪದ ಹಾಳೆ ಕೇಳಿ ತನ್ನಿ. ಅದಕ್ಕಿಂತ ತೆಳುವಾದದ್ದು ಬಣ್ಣ ಬಿದ್ದ ಕೂಡಲೇ ಸುರುಳಿ ಸುತ್ತುತ್ತದೆ. ಮಡಚುವ ಮುನ್ನ ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಗಲಕ್ಕೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆಗೆ ಸಲೀಸಾಗಿ ಬಗ್ಗುತ್ತದೋ ಆ ಕಡೆಗೇ ಮಡಿಕೆ ಬರಲಿ, ಇಲ್ಲವಾದರೆ ಅಂಚು ಸಿಡಿದು ಬಿಳಿ ನಾರು ಕಾಣಿಸುತ್ತದೆ. ಇಂಕು ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಮಡಿಕೆಯ ಜಾಗದಲ್ಲಿ ಒತ್ತಿ ಗೆರೆ ಎಳೆಯಿರಿ. ಗೆರೆಯ ಹಳ್ಳ ಹೊರಗೆ, ಅದರ ಹಿಂದಿನ ಉಬ್ಬು ಒಳಗೆ ಬರುವಂತೆ ಮಡಚಿ.

ಸ್ಟೆನ್ಸಿಲ್ ಕೆಡುವುದು ಬಹುಪಾಲು ಬಣ್ಣ ಹೆಚ್ಚಾಗಿ. ಪಾತ್ರೆ ತೊಳೆಯುವ ಹೊಸ ಸ್ಪಂಜಿನ ಒಂದು ತುಂಡು ಕತ್ತರಿಸಿ, ತುದಿಗೆ ಬಣ್ಣ ತಾಗಿಸಿ, ಅದನ್ನು ಮೊದಲು ಹಳೆಯ ದಿನಪತ್ರಿಕೆಯ ಮೇಲೆ ನಾಲ್ಕಾರು ಸಲ ಒತ್ತಿ ತೆಗೆಯಿರಿ. ಸ್ಪಂಜು ಒಣಗಿದಂತೆ ಕಂಡಾಗಲೇ ಅದು ಹದಕ್ಕೆ ಬಂದಿರುತ್ತದೆ. ಆಮೇಲೆ ಹಸುಗೂಸಿನ ಕೆನ್ನೆಗೆ ಪೌಡರ್ ಹಚ್ಚುವಂತೆ ಮೇಲಿನಿಂದ ನೇರವಾಗಿ ಮುಟ್ಟಿಸಿ ಮುಟ್ಟಿಸಿ ತೆಗೆಯಬೇಕು. ಅಡ್ಡಡ್ಡ ಎಳೆದರೆ ಬಣ್ಣ ಅಚ್ಚಿನಡಿ ನುಗ್ಗುತ್ತದೆ. ಒಮ್ಮೆಗೇ ಗಾಢವಾಗಲಿಲ್ಲವೆಂದು ಚಿಂತಿಸಬೇಡಿ, ಆರಿದ ಮೇಲೆ ಇನ್ನೊಂದು ಪದರ ಹಾಕಿದರಾಯಿತು. ಅಚ್ಚು ಅಲುಗಾಡದಂತೆ ಮಾಸ್ಕಿಂಗ್ ಟೇಪು ಹಚ್ಚಿ. ಆದರೆ ಟೇಪನ್ನು ಮೊದಲು ಸೀರೆಯ ಮೇಲೋ ಟವೆಲಿನ ಮೇಲೋ ಅಂಟಿಸಿ ಕಿತ್ತು, ಅದರ ಅಂಟು ಸ್ವಲ್ಪ ಸಾಯುವಂತೆ ಮಾಡಿ. ಹಾಗೆ ಮಾಡಿದರೆ ಹಾಳೆಯ ಸಿಪ್ಪೆ ಏಳುವುದಿಲ್ಲ. ಬಣ್ಣಗಳ ಜೋಡಿ ತೋಚದಿದ್ದರೆ ಒಮ್ಮೆ ಕಿನ್ನಾಳಕ್ಕೆ ಹೋಗಿ, ಅಲ್ಲಿನ ಚಿತ್ರಗಾರರು ಮರದ ಗೊಂಬೆಗಳಿಗೆ ಕೆಂಪು, ಹಳದಿ, ಹಸಿರು ಹಚ್ಚುವ ಧೈರ್ಯವನ್ನು ನೋಡಿ ಬನ್ನಿ. ಮಕ್ಕಳ ಕಾರ್ಡಿಗೆ ಆ ಗಾಢ ಬಣ್ಣಗಳೇ ಚೆಂದ. ಮಾಸಲು ಬಣ್ಣಗಳು ನನಗೆ ಒಪ್ಪುವುದಿಲ್ಲ.

ಅಕ್ಷರಗಳ ಸ್ಟೆನ್ಸಿಲ್ ಅನ್ನು ನೀವೇ ಕತ್ತರಿಸಿಕೊಳ್ಳಿ, ಏಕೆಂದರೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಇಂಗ್ಲಿಷಿನದು. ಹಳೆಯ ಎಕ್ಸ್‌ರೇ ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಲಿಪಿ ದುಂಡಗಿನದು. ರ, ಠ ಅಥವಾ ಸೊನ್ನೆಯನ್ನು ಹಾಗೆಯೇ ಕತ್ತರಿಸಿದರೆ ನಡುವಿನ ಬಿಲ್ಲೆ ಉದುರಿ ಹೋಗಿ ಬರೀ ತೂತು ಉಳಿಯುತ್ತದೆ. ಆ ಬಿಲ್ಲೆಯನ್ನು ಹೊರಗಿನ ಹಾಳೆಗೆ ಹಿಡಿದಿಡಲು ಎರಡು ಕಡೆ ಸಣ್ಣ ಪಟ್ಟಿ ಬಿಡಲೇಬೇಕು. ಬಣ್ಣ ಆರಿದ ಮೇಲೆ ಪಟ್ಟಿಯ ಜಾಗವನ್ನು ಸ್ಕೆಚ್ ಪೆನ್ನಿನಿಂದ ತುಂಬಬಹುದು.

ಸ್ಟ್ಯಾಂಪಿಗೆ ಬಂದರೆ, ಮೊಮ್ಮಕ್ಕಳ ಜೊತೆ ಕುಳಿತವರು ಬೆಂಡೆಕಾಯಿಯಿಂದ ಶುರು ಮಾಡಿ. ಅಡ್ಡ ಕತ್ತರಿಸಿ, ಲೋಳೆಯನ್ನು ಬಟ್ಟೆಯಲ್ಲಿ ಒತ್ತಿ ತೆಗೆದು ಪೋಸ್ಟರ್ ಬಣ್ಣದಲ್ಲಿ ಅದ್ದಿದರೆ ಹೂವು ಮೂಡುತ್ತದೆ. ಹೆಸರಿನ ಸ್ಟ್ಯಾಂಪು ಬೇಕಿದ್ದರೆ ದೊಡ್ಡ ರಬ್ಬರಿನ ಮೇಲೆ ಕೊರೆಯಿರಿ. ತೆಳು ಹಾಳೆಯ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆದು, ಬರಹವನ್ನು ರಬ್ಬರಿಗೆ ಮುಖ ಮಾಡಿ ಇಟ್ಟು ಹಿಂಬದಿಯಿಂದ ಉಗುರಿನಲ್ಲಿ ತಿಕ್ಕಿ. ಅಕ್ಷರ ತಾನಾಗಿಯೇ ತಿರುವುಮುರುವಾಗಿ ಇಳಿಯುತ್ತದೆ, ಒತ್ತಿದಾಗ ಸರಿಯಾಗಿ ಬರುತ್ತದೆ. ಅಂಗಡಿಯ ಪಾರದರ್ಶಕ ಸ್ಟ್ಯಾಂಪು ಹೊಸದರಲ್ಲಿ ಇಂಕನ್ನು ಹಿಡಿಯದೆ ಹನಿ ಹನಿಯಾಗಿ ಬಿಡುತ್ತದೆ. ಅದರ ಮೇಲೆ ಪೆನ್ಸಿಲ್ ಅಳಿಸುವ ರಬ್ಬರನ್ನು ಹಗುರವಾಗಿ ಉಜ್ಜಿದರೆ ಸರಿಹೋಗುತ್ತದೆ. ಕಾರ್ಡಿನಡಿ ನಾಲ್ಕು ಮಡಿಕೆ ದಿನಪತ್ರಿಕೆ ಇಟ್ಟು, ಸ್ಟ್ಯಾಂಪನ್ನು ನೇರವಾಗಿ ಒತ್ತಿ ನೇರವಾಗಿ ಎತ್ತಿ. ಅತ್ತಿತ್ತ ವಾಲಿಸಿದರೆ ಅಂಚಿನ ಗುರುತೂ ಬೀಳುತ್ತದೆ.

ನಮ್ಮ ಬಿಸಿಲಿಗೆ ತಕ್ಕಂತೆ ಸ್ಟ್ಯಾಂಪಿನ ಇಂಕನ್ನು ಆಯ್ದುಕೊಳ್ಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಫ್ಯಾನಿನಡಿ ತೆರೆದಿಟ್ಟ ಇಂಕಿನ ಪ್ಯಾಡು ನೋಡುನೋಡುತ್ತಲೇ ಒಣಗುತ್ತದೆ. ಬೆಳಗಿನ ತಂಪಿನಲ್ಲಿ ಫ್ಯಾನು ನಿಲ್ಲಿಸಿ ಈ ಕೆಲಸ ಮುಗಿಸಿ. ಪಿಗ್ಮೆಂಟ್ ಇಂಕು, ಅಂದರೆ ಕರಗದ ಬಣ್ಣದ ಪುಡಿ ಬೆರೆಸಿದ ಇಂಕು, ನಿಧಾನವಾಗಿ ಆರುವುದರಿಂದ ಬೇಸಿಗೆಗೆ ಅದು ಒಳ್ಳೆಯದು, ಆದರೆ ನುಣುಪು ಹಾಳೆಯ ಮೇಲೆ ಅದು ಒರೆಸಿ ಹೋಗುತ್ತದೆ. ಸ್ಟ್ಯಾಂಪು ತೊಳೆಯಲು ತುಸು ಸೋಪಿನ ನೀರು ಸಾಕು. ಸೀಮೆಎಣ್ಣೆ, ಟರ್ಪಂಟೈನ್ ಹತ್ತಿರವೂ ತರಬೇಡಿ. ಪಾರದರ್ಶಕ ಸ್ಟ್ಯಾಂಪುಗಳನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಹಳದಿಯಾಗುತ್ತವೆ.

ಡೈ ಎಂದರೆ ಹರಿತ ಅಂಚಿನ ಉಕ್ಕಿನ ತಗಡು. ಹರಿತ ಅಂಚನ್ನು ಹಾಳೆಗೆ ತಾಗಿಸಿ, ಎರಡು ತಟ್ಟೆಗಳ ನಡುವೆ ಇಟ್ಟು ಯಂತ್ರದ ಉರುಳೆಗಳ ಮೂಲಕ ತಿರುಗಿಸಿದರೆ ಆಕಾರ ಕತ್ತರಿಸಿ ಬರುತ್ತದೆ. ನವಿರಾದ ಜಾಲರಿಯ ಡೈ ಆದರೆ ಹಾಳೆ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನಡುವೆ ಒಂದು ಪದರ ಮೇಣದ ಕಾಗದ ಇಡಿ, ಉಳಿದ ಚೂರುಗಳನ್ನು ಸೂಜಿಯಿಂದ ಚುಚ್ಚಿ ಬಿಡಿಸಿ. ತಟ್ಟೆಗಳನ್ನು ಪ್ರತಿ ಸಲ ಮಗುಚಿ ಹಾಕಿದರೆ ಬಾಗುವುದಿಲ್ಲ. ಯಂತ್ರ ಇಲ್ಲದವರಿಗೆ ಕೈಯಲ್ಲಿ ಒತ್ತುವ ಪಂಚು ಸಾಕು, ಅದು ಮೊಂಡಾದರೆ ಅಡುಗೆಯ ಅಲ್ಯೂಮಿನಿಯಂ ಹಾಳೆಯನ್ನು ಕೆಲವು ಸಲ ಕತ್ತರಿಸಿ.

ಕತ್ತರಿಸಲು ಹೊಸ ಹಾಳೆ ತರುವ ಮುನ್ನ ಮನೆಯಲ್ಲಿರುವ ಹಳೆಯ ಮದುವೆ ಪತ್ರಿಕೆಗಳನ್ನು ನೋಡಿ. ಒಳ್ಳೆಯ ದಪ್ಪ, ಬಂಗಾರದ ಗೆರೆ, ಎಲ್ಲವೂ ಅಲ್ಲೇ ಇದೆ. ಮೂಲೆಯ ಅರಿಶಿನ ಕುಂಕುಮದ ಕಲೆಯನ್ನು ಬಿಟ್ಟು ಕತ್ತರಿಸಿ, ಗಣಪತಿಯ ಚಿತ್ರಕ್ಕೆ ಡೈ ತಾಗಿಸಬೇಡಿ, ಅದನ್ನು ಬೇರೆ ತೆಗೆದಿಡಿ. ಮನೆಯ ಹಿರಿಯರಿಗೆ ಅದರಿಂದ ನೋವಾಗುತ್ತದೆ. ಕತ್ತರಿಸಿದ ಹೂವಿಗೆ ಫೆವಿಕಾಲನ್ನು ಕಡ್ಡಿಯ ತುದಿಯಿಂದ ಚುಕ್ಕೆಯಷ್ಟೇ ಹಚ್ಚಿ, ದಪ್ಪ ಪುಸ್ತಕದಡಿ ರಾತ್ರಿಯಿಡೀ ಇಡಿ.

ಒಂದು ಕಾರ್ಡಿಗೆ ಒಂದೇ ಮುಖ್ಯ ಅಲಂಕಾರ ಇರಲಿ, ಒಳಗಿನ ಪುಟ ಖಾಲಿಯಿರಲಿ. ಅಲ್ಲಿ ನಾಲ್ಕು ಸಾಲು ನಿಮ್ಮ ಕೈಬರಹದಲ್ಲಿ ಬೀಳಬೇಕು. ಅಂಚೆಗೆ ಹಾಕುವವರು ಎ4 ಹಾಳೆಯನ್ನು ಎರಡು ಮಾಡಿ, ಅರ್ಧವನ್ನು ಮಡಚಿ ಕಾರ್ಡು ಮಾಡಿ. 300 ಜಿಎಸ್ಎಂ ಹಾಳೆಯಲ್ಲಿ ಅದು ಸುಮಾರು 9 ಗ್ರಾಂ ತೂಗುತ್ತದೆ, ಅಲಂಕಾರ ಹಗುರವಾಗಿದ್ದರೆ ಲಕೋಟೆ ಸೇರಿದರೂ ಸಾದಾ ಪತ್ರದ ಮೊದಲ ದರದ ಮಿತಿಯಾದ 20 ಗ್ರಾಂ ಮೀರುವುದಿಲ್ಲ. ಉಬ್ಬಿದ ಹೂವಿದ್ದರೆ ಅದರ ಮೇಲೆ ಒಂದು ತೆಳು ರಟ್ಟು ಇಟ್ಟು ಲಕೋಟೆ ಮುಚ್ಚಿ, ಅಂಚೆಯ ಠಸ್ಸೆಯ ಪೆಟ್ಟು ಹೂವಿಗೆ ತಾಗುವುದಿಲ್ಲ.